ಮಾಲೆಯ ಹಿಂದಿನ ಪೆಟ್ಟಿಗೆ

ಮರಿತಾಯಮ್ಮನಿಗೆ ಮಗಳ ಕೆಲಸದ ಹೆಸರು ನೆಟ್ಟಗೆ ಬಾಯಿಗೆ ಬರುತ್ತಿರಲಿಲ್ಲ. ಹೆಮ್ಮಿಗೆಯಲ್ಲಿ ಬಸ್ಸು ಹತ್ತುವಾಗ ಯಾರಾದರೂ ಕೇಳಿದರೆ ಆಕೆ ಹೇಳುತ್ತಿದ್ದುದು ಒಂದೇ ಮಾತು: ‘ನನ್ ಕೂಸು ಕುಂತ್ಕಂಡು ಮಾಡೋ ಕೆಲ್ಸ ಕಣವ್ವ.’

ಕೂತು ಮಾಡುವ ಕೆಲಸದಲ್ಲಿ ಏನು ಹೆಚ್ಚುಗಾರಿಕೆ ಎಂದು ಕೇಳುವವರು ಕುರ್ಚಿಯಲ್ಲೇ ಹುಟ್ಟಿ ಬೆಳೆದವರು. ಮರಿತಾಯಮ್ಮ ನಂಜನಗೂಡಿನ ಹೊರಗಿನ ಒಂದು ಗಾರ್ಮೆಂಟ್ಸಿನಲ್ಲಿ ಹೆಲ್ಪರ್. ಹೊಲಿದು ಬಂದ ಅಂಗಿಯ ಮೇಲೆ ಉಳಿದ ದಾರದ ತುದಿಗಳನ್ನು ಪುಟ್ಟ ಕತ್ತರಿಯಲ್ಲಿ ಕತ್ತರಿಸುವುದು ಆಕೆಯ ಕೆಲಸ. ನಿಂತೇ ಮಾಡಬೇಕು. ಕೂತರೆ ಕೈ ನಿಧಾನವಾಗುತ್ತದೆ ಎಂದು ಕಾರ್ಖಾನೆಯವರು ಕಂಡುಹಿಡಿದಿದ್ದಾರೆ. ನಿಂತರೆ ಕಾಲಿಗೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಕಂಡುಹಿಡಿಯಲು ಹೋಗಿಲ್ಲ. ಆಕೆಯ ಮೀನಖಂಡದಲ್ಲಿ ನರಗಳು ನೀಲಿ ಹುರಿಯ ಹಾಗೆ ಗಂಟುಗಟ್ಟಿವೆ. ರಾತ್ರಿ ದಿಂಬಿನ ಮೇಲೆ ಕಾಲಿಟ್ಟುಕೊಂಡು ಮಲಗುತ್ತಾಳೆ.

ಸಂಘಮಿತ್ರಾ ಆಕೆಯ ಒಬ್ಬಳೇ ಮಗಳು. ಹೆಸರಿಟ್ಟವನು ಅಪ್ಪ ಚಿಕ್ಕಮಾದು, ಗಾರೆ ಕೆಲಸದವನು. ಹೆಮ್ಮಿಗೆಯ ಕಾಲೋನಿಯಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡ ಮೊದಲಿಗರಲ್ಲಿ ಒಬ್ಬ. ಪೂಜೆ ಮಾಡುವುದಿಲ್ಲ, ಮಂಗಳಾರತಿಗೆ ಕೈಯೊಡ್ಡುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದ. ಮಗಳು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡ. ಮಗಳು ಆ ಮಾತನ್ನು ಆಸ್ತಿ ಎಂದು ಇಟ್ಟುಕೊಂಡಳು. ತಾಯಿ ಹಾಗಲ್ಲ. ವಿಹಾರಕ್ಕೂ ಹೋಗುತ್ತಿದ್ದಳು, ನಂಜುಂಡೇಶ್ವರನ ಮುಂದೆಯೂ ನಿಲ್ಲುತ್ತಿದ್ದಳು. ಇಬ್ಬರೂ ಬರಬೇಡ ಎಂದಿಲ್ಲವಲ್ಲ ಎನ್ನುವುದು ಆಕೆಯ ವಾದ.

ಪಾಲಿಟೆಕ್ನಿಕ್ ಮುಗಿಸಿದ ಸಂಘಮಿತ್ರಾ ಮೊದಲು ತಿರುಮಕೂಡಲು ನರಸೀಪುರದ ಒಂದು ಮೊಬೈಲ್ ಅಂಗಡಿಯಲ್ಲಿ ಗಾಜು ಅಂಟಿಸುತ್ತಿದ್ದಳು. ಗಾರ್ಮೆಂಟ್ಸಿನವರಿಗೆ ಕಂಪ್ಯೂಟರು, ವೈಫೈ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದಾರೆ ಎಂದು ತಾಯಿಯೇ ಸುದ್ದಿ ತಂದಳು. ಹೋದಳು, ಸಿಕ್ಕಿತು. ಆದರೆ ಕಾಯಂ ಅಲ್ಲ. ಪರೀಕ್ಷೆಯ ಅವಧಿ, ದಸರೆ ಕಳೆದ ಮೇಲೆ ತೀರ್ಮಾನ. ಅಲ್ಲಿಯವರೆಗೆ ಬೆಂಗಳೂರಿನ ಮುಖ್ಯ ಕಚೇರಿಯಲ್ಲಿ ಕೂತ ಮೇಲಧಿಕಾರಿ ಫೋನಿನಲ್ಲಿ ಹೇಳಿದಂತೆ ಕೇಳಬೇಕು. ಮಗಳದ್ದು ಕಾಯಂ ಆದ ದಿನ ತಾನು ನಿಲ್ಲುವ ಕೆಲಸ ಬಿಟ್ಟು ಮನೆಯಲ್ಲಿ ಕೂರುವುದು ಎಂದು ಮರಿತಾಯಮ್ಮ ಲೆಕ್ಕ ಹಾಕಿಕೊಂಡಿದ್ದಳು. ಒಂದು ಕುರ್ಚಿಯ ಮೇಲೆ ಇಬ್ಬರ ಭಾರ ಇತ್ತು.

ಆ ಕಾರ್ಖಾನೆಯಲ್ಲಿ ಹಾಜರಿ ಹಾಕುವುದು ಮನುಷ್ಯರಲ್ಲ, ಮುಖ ನೋಡುವ ಯಂತ್ರ. ಬರುವಾಗಲೂ ಹೋಗುವಾಗಲೂ ಗೇಟಿನ ಬಳಿ ನಿಂತು ಅದಕ್ಕೆ ಮುಖ ತೋರಿಸಬೇಕು. ಅದು ಬೆಂಗಳೂರಿನ ಸರ್ವರನ್ನು ಕೇಳಿ, ಒಪ್ಪಿಗೆಯಾದರೆ ಹೆಣ್ಣು ದನಿಯಲ್ಲಿ ‘ಧನ್ಯವಾದ’ ಎಂದು ಬಾಗಿಲು ಬಿಡುತ್ತದೆ. ಅದಕ್ಕೆ ನೆಟ್ ಮುಟ್ಟಿಸಲೆಂದು ಗೇಟಿನ ಕೋಣೆಯಲ್ಲಿ ವೈಫೈ ಪೆಟ್ಟಿಗೆಯೊಂದನ್ನು ಕೂರಿಸಿದವಳು ಸಂಘಮಿತ್ರಾ. ಕೋಣೆಯಲ್ಲಿ ಕರೆಂಟಿಗೆ ಇದ್ದದ್ದು ಒಂದೇ ಜಾಗ, ದೇವರ ಪಟದ ಮುಂದಿನ ಬಲ್ಬಿನ ಸರಕ್ಕೆಂದು ಹಾಕಿಸಿದ್ದು. ಬೇರೆ ಕಡೆ ಒಂದು ಪ್ಲಗ್ ಹಾಕಿಸಿಕೊಡಿ ಎಂದು ಆಕೆ ಕೇಳಿದಳು. ಆಮೇಲೆ ನೋಡೋಣ ಎಂದರು. ಈ ದೇಶದಲ್ಲಿ ಆಮೇಲೆ ನೋಡೋಣ ಎಂದದ್ದನ್ನು ಯಾರು ನೋಡಿದ್ದಾರೆ? ಯಂತ್ರಗಳ ರಿಪೇರಿ ನೋಡಿಕೊಳ್ಳುವ ಬಸವೇಶ್ ತಾವೇ ಪಟವನ್ನು ಕೊಂಚ ಸರಿಸಿ ಪೆಟ್ಟಿಗೆಗೆ ಜಾಗ ಮಾಡಿಕೊಟ್ಟರು. ದೇವರ ಪಕ್ಕ ಇದ್ದರೆ ಅದಕ್ಕೂ ಒಳ್ಳೆಯದೇ ಎಂದು ನಕ್ಕರು. ಒಳ್ಳೆಯ ಮನುಷ್ಯ. ಈ ಕತೆಯಲ್ಲಿ ಕೆಟ್ಟವರನ್ನು ಹುಡುಕಿಕೊಂಡು ಬಂದವರಿಗೆ ನಿರಾಸೆಯಾಗುತ್ತದೆ. ಇಲ್ಲಿ ಎಲ್ಲರೂ ಒಳ್ಳೆಯವರೇ, ಅದೇ ತಲೆನೋವು.

ಆ ಪೆಟ್ಟಿಗೆ ಏನು ಮಾಡುತ್ತದೆ ಎಂದು ಒಂದು ದಿನ ತಾಯಿ ಕೇಳಿದ್ದಳು. ನೆಟ್ ಬೇಕೆನ್ನುವ ಒಂದೊಂದು ಕಂಪ್ಯೂಟರಿಗೂ ಒಂದೊಂದು ವಿಳಾಸ ಬೇಕು, ಅದಕ್ಕೆ ಐಪಿ ಅಡ್ರೆಸ್ ಅನ್ನುತ್ತಾರೆ. ಬಂದವರಿಗೆಲ್ಲ ವಿಳಾಸ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ ಎಂದು ಮಗಳು ಶುರು ಮಾಡಿದಳು. ತಾಯಿಯ ಮುಖ ನೋಡಿ ದಾರಿ ಬದಲಿಸಿದಳು. ಬಸ್ಸಿದೆ ಅಂದುಕೋ. ಕಚೇರಿಯಲ್ಲಿರುವ ದೊಡ್ಡ ಪೆಟ್ಟಿಗೆ ಕಂಡಕ್ಟರು. ಸೀಟಿನ ನಂಬರು ಕೊಡುವುದು ಅವನೊಬ್ಬನೇ. ಗೇಟಿನ ಪೆಟ್ಟಿಗೆ ನಂಬರು ಕೊಡಬಾರದು, ಬಂದವರನ್ನು ಕಂಡಕ್ಟರ ಹತ್ತಿರ ಕಳಿಸಬೇಕು ಅಷ್ಟೆ. ಅವನೂ ಕೊಡಲು ಹೊರಟರೆ ಒಂದೇ ಸೀಟಿಗೆ ಇಬ್ಬರು ಬಂದು ಕೂರುತ್ತಾರೆ, ಬಸ್ಸು ಹೊರಡುವುದಿಲ್ಲ. ಅದಕ್ಕೇ ನಾನು ಗೇಟಿನದಕ್ಕೆ ಹಂಚುವುದನ್ನು ನಿಲ್ಲಿಸಿ, ಅದಕ್ಕೊಂದು ಬೇರೆ ವಿಳಾಸ ಕೊಟ್ಟು ಕೂರಿಸಿದ್ದೇನೆ ಎಂದಳು.

‘ಅಂಗಾರೆ ಗೇಟಿಂದು ಕ್ಲೀನರ್ ಅನ್ನು’ ಎಂದಳು ಮರಿತಾಯಮ್ಮ.

ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಅರ್ಧ ದಿನ ಕೆಲಸ, ಆಮೇಲೆ ಪೂಜೆ. ಅವತ್ತು ಮಾತ್ರ ಹೋಗುವಾಗ ಯಂತ್ರಕ್ಕೆ ಮುಖ ತೋರಿಸದೆ ದೊಡ್ಡ ಗೇಟಿನಿಂದಲೇ ಮನೆಗೆ. ಬಸವೇಶ್ ಬೆಳಗ್ಗೆಯೇ ಮಿಂದು ಬಂದು ಹೊಲಿಗೆ ಯಂತ್ರದಿಂದ ಹಿಡಿದು ಜನರೇಟರಿನವರೆಗೆ ಎಲ್ಲಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮವಿಟ್ಟು, ಮಾಲೆ ಕಟ್ಟಿದರು. ಗಂಧದಕಡ್ಡಿಯನ್ನು ಬಾಳೆಹಣ್ಣಿಗೆ ಚುಚ್ಚಿ ಒಂದೊಂದು ಯಂತ್ರದ ಮುಂದೆ ಇಟ್ಟರು. ಹೆಂಗಸರೆಲ್ಲ ಒಳಗೆ. ಮರಿತಾಯಮ್ಮನೂ ಒಳಗೆ. ಸಂಘಮಿತ್ರಾ ಮಾತ್ರ ಹೊರಗೆ ಹುಣಸೆ ಮರದ ಕೆಳಗೆ ಕಡ್ಲೆಪುರಿಯ ಪೊಟ್ಟಣ ಹಿಡಿದು ನಿಂತಿದ್ದಳು. ಎಚ್‌ಆರ್ ನೋಡಿಕೊಳ್ಳುವ ಗುರುಪ್ರಸಾದ್ ಆ ಕಡೆ ಹೋಗುತ್ತ, ಒಳಗೆ ಬರಬಹುದಿತ್ತಲ್ಲ ಎಂದರು. ನಮ್ಮ ಮನೆಯಲ್ಲಿ ಮಾಡಲ್ಲ ಸರ್ ಎಂದಳು. ಅವರು ಆಯಿತೆಂಬಂತೆ ತಲೆಯಾಡಿಸಿದರು. ಆದರೆ ನೋಡಿದ್ದು ನೋಡಿದಂತೆಯೇ ಉಳಿಯುತ್ತದೆ. ನಾಳೆ ಬೇಕಾದಾಗ ಹೊರಗೆ ಬರುತ್ತದೆ.

ಮಾರನೆಯ ದಿನ ವಿಜಯದಶಮಿ, ರಜೆ. ಕಾಲೋನಿಯ ವಿಹಾರದಲ್ಲಿ ಬಿಳಿ ಸೀರೆಯುಟ್ಟು ತಾಯಿ ಮಗಳು ಪಂಚಶೀಲ ಹೇಳಿದರು. ಅದರ ಮಾರನೆಯ ಬೆಳಗ್ಗೆ ನರಸೀಪುರದಿಂದ ಕಾರ್ಖಾನೆಯ ಬಸ್ಸು ಬಂದು ಗೇಟಿನ ಮುಂದೆ ಹೆಂಗಸರನ್ನು ಇಳಿಸಿದಾಗ ಯಂತ್ರದ ಕಣ್ಣು ಕಪ್ಪಾಗಿತ್ತು. ಸಂಪರ್ಕ ಇಲ್ಲ ಎಂಬ ಎರಡು ಪದ ಬಿಟ್ಟರೆ ಅದರ ಮೇಲೆ ಬೇರೇನೂ ಇರಲಿಲ್ಲ.

ಗೇಟು ಕಾಯುವ ಚಾಮಯ್ಯ, ಯಾವತ್ತೂ ಬರುವ ಮುಖಗಳೇ ಅಲ್ಲವೇ ಎಂದು ಒಳಗೆ ಬಿಡಲು ಹೋದ. ಗುರುಪ್ರಸಾದ್ ಓಡಿಬಂದು ತಡೆದರು. ಹಿಂದೊಮ್ಮೆ ಹಾಗೆ ಬಿಟ್ಟದ್ದಕ್ಕೆ ಮುಖ್ಯ ಕಚೇರಿಯಿಂದ ಅವರಿಗೇ ಛೀಮಾರಿಯಾಗಿತ್ತಂತೆ. ಯಂತ್ರ ಒಪ್ಪದ ಯಾರೂ ಬಂದವರಲ್ಲ. ಊಟದ ಗಂಟೆಯೊಳಗೆ ಒಪ್ಪದಿದ್ದರೆ ಇಡೀ ದಿನ ಗೈರು. ಹಬ್ಬದ ರಜೆಯ ಮಾರನೆಯ ದಿನ ಗೈರಾದರೆ ಹಬ್ಬದ ದಿನವೂ ಗೈರು. ಇಂಥ ನಿಯಮ ಬರೆದವರು ಎಂದಾದರೂ ನಸುಕಿನಲ್ಲಿ ಅನ್ನ ಬೇಯಿಸಿಟ್ಟು, ಎರಡು ಬಸ್ಸು ಹತ್ತಿಳಿದು, ಗೇಟಿನ ಹೊರಗೆ ನಿಂತು ನೋಡಿದ್ದಾರೆಯೇ?

ರಿಪೇರಿ ಮಾಡಬೇಕಾದವಳೆಂದು ಸಂಘಮಿತ್ರಾಳನ್ನು ಮಾತ್ರ ಒಳಗೆ ಬಿಟ್ಟರು. ಆಕೆ ಕಚೇರಿಗೆ ಓಡಿದಳು. ಅಲ್ಲಿ ಇನ್ನೂ ವಿಚಿತ್ರ. ಒಂದು ಕಂಪ್ಯೂಟರಿಗೆ ನೆಟ್ ಇದೆ, ಪಕ್ಕದ್ದಕ್ಕೆ ಇಲ್ಲ. ಇದ್ದದ್ದು ನೋಡನೋಡುತ್ತ ಹೋಗುತ್ತದೆ. ಬೆಂಗಳೂರಿನ ಮೇಲಧಿಕಾರಿ ಫೋನಿನಲ್ಲಿ, ದೊಡ್ಡ ಪೆಟ್ಟಿಗೆ ಆರಿಸಿ ಹಚ್ಚು ಎಂದರು. ಹಚ್ಚಿದಳು. ಎಲ್ಲಕ್ಕೂ ಜೀವ ಬಂದಂತಾಯಿತು. ಗುರುಪ್ರಸಾದರ ಮುಖ ಅರಳಿತು. ಆಕೆ ಮೂಗಿನ ಮೇಲಿನ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಒಂದೊಂದೇ ಆರಿತು. ಏನು ಮುಟ್ಟಿದೆ ಎಂದರು ಮೇಲಧಿಕಾರಿ. ಏನೂ ಮುಟ್ಟಿಲ್ಲ ಎಂದಳು. ಮುಟ್ಟದೆ ಹೇಗೆ ಕೆಡುತ್ತದೆ ಎಂದರು. ಫೋನು ಸ್ಪೀಕರಿನಲ್ಲಿತ್ತು. ಕಚೇರಿಯವರೆಲ್ಲ ಕೇಳಿಸಿಕೊಂಡರು. ಪೂಜೆಯ ಹೊತ್ತಿಗೆ ಈಕೆ ಒಳಗಿರಲಿಲ್ಲವಲ್ಲ, ಎಲ್ಲಿದ್ದಳೋ ಏನು ಮಾಡುತ್ತಿದ್ದಳೋ ಎಂದು ಯಾರೋ ಯಾರಿಗೋ ಹೇಳಿದ್ದು ಆಕೆಯ ಕಿವಿಗೂ ಬಿತ್ತು.

ಸಂಘಮಿತ್ರಾ ಬೆಳಗ್ಗೆ ಏನೂ ತಿಂದಿರಲಿಲ್ಲ. ಸಿಕ್ಕ ಕಂಪ್ಯೂಟರೊಂದರಲ್ಲಿ ಅದಕ್ಕೆ ವಿಳಾಸ ಕೊಟ್ಟವರು ಯಾರೆಂದು ನೋಡಿದಳು. ಕೊಟ್ಟವನ ವಿಳಾಸ ಒಂದು ಎಂಬ ಅಂಕಿಯಲ್ಲಿ ಮುಗಿಯುತ್ತಿತ್ತು, ದೊಡ್ಡ ಪೆಟ್ಟಿಗೆಯದೇ. ಸರಿಯಾಗಿದೆಯಲ್ಲ ಎಂದುಕೊಂಡಳು. ಆದರೂ ನೆಟ್ ಇಲ್ಲ. ಎಲ್ಲ ಸರಿಯಿದ್ದು ಏನೂ ನಡೆಯದಿದ್ದಾಗ ಮನುಷ್ಯನಿಗೆ ತನ್ನ ಮೇಲೇ ಅನುಮಾನ ಬರುತ್ತದೆ. ನಿಜವಾಗಿಯೂ ನಾನೇ ಏನಾದರೂ ಮಾಡಿದೆನೇ ಎಂದು ಆಕೆ ಯೋಚಿಸತೊಡಗಿದಳು. ಹಾಗೆ ಯೋಚಿಸುತ್ತಲೇ ಗೇಟಿಗೆ ನಡೆದಳು.

ಹೊರಗೆ ಬಿಸಿಲೇರುತ್ತಿತ್ತು. ಹೆಂಗಸರು ಕಾಂಪೌಂಡಿನ ಸಣ್ಣ ನೆರಳಿಗೆ ಒತ್ತಿಕೊಂಡು ನಿಂತಿದ್ದರು. ಬನ್ನೂರು ಕಡೆಯ ವನಿತಾ ಎಂಬಾಕೆ, ಮಗಳು ಕುಂತ್ಕಂಡ್ ಮಾಡ್ತಾಳೆ, ನಾವು ನಿಂತ್ಕಂಡ್ ಸಾಯ್ಬೇಕು ಎಂದು ಮರಿತಾಯಮ್ಮನಿಗೆ ಕೇಳುವಂತೆಯೇ ಅಂದಳು. ಮರಿತಾಯಮ್ಮ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕಿಕೊಂಡಳು.

ಗೇಟಿನ ಕೋಣೆಯ ಬಾಗಿಲಲ್ಲಿ ಸಂಘಮಿತ್ರಾ ಮೊಬೈಲು ತೆಗೆದು ವೈಫೈ ಹೆಸರುಗಳನ್ನು ನೋಡಿದಳು. ಕಾರ್ಖಾನೆಯ ಹೆಸರೇ ಇಲ್ಲ. ಅದರ ಜಾಗದಲ್ಲಿ, ಪೆಟ್ಟಿಗೆ ಅಂಗಡಿಯಿಂದ ಬಂದ ದಿನ ಅದಕ್ಕಿದ್ದ ಹುಟ್ಟು ಹೆಸರು. ಆಕೆಗೆ ಎಲ್ಲ ಹೊಳೆಯಿತು. ಗೇಟಿನ ಪೆಟ್ಟಿಗೆ ತಾನು ಕಲಿಸಿದ್ದನ್ನೆಲ್ಲ ಮರೆತಿದೆ. ಹುಟ್ಟಿದಾಗಿನ ವಿಳಾಸಕ್ಕೆ ಮರಳಿದೆ, ಅದು ದೊಡ್ಡ ಪೆಟ್ಟಿಗೆಯ ವಿಳಾಸವೇ. ಎರಡು ಮನೆಗೆ ಒಂದೇ ನಂಬರು. ಅಷ್ಟಕ್ಕೆ ನಿಲ್ಲದೆ ಕೇಳಿದವರಿಗೆಲ್ಲ ವಿಳಾಸ ಹಂಚುತ್ತಿದೆ. ಯಾಕೆ ಮರೆಯಿತು ಎಂಬುದು ಮಾತ್ರ ಗೊತ್ತಾಗಲಿಲ್ಲ, ಯಾಕೆಂದರೆ ಪೆಟ್ಟಿಗೆ ಕಾಣುತ್ತಿರಲಿಲ್ಲ. ಅದರ ಮುಂದೆ ಮಾರುದ್ದದ ಚೆಂಡುಹೂವಿನ ಮಾಲೆ. ದೇವರ ಪಟವನ್ನೂ ಪೆಟ್ಟಿಗೆಯನ್ನೂ ಸೇರಿಸಿ ಸುತ್ತಿ, ಹಿಂದೆ ಗಂಟು ಹಾಕಿದ್ದರು.

ಮೊದಲು ಕಚೇರಿಗೆ ಹೋಗಿ ಗೇಟಿಗೆ ಹೋಗುವ ಕೇಬಲ್ ಕಿತ್ತಳು. ಕಚೇರಿಯ ಕಂಪ್ಯೂಟರುಗಳೆಲ್ಲ ಒಂದಾದ ಮೇಲೊಂದು ಎದ್ದು ಕೂತವು. ಗುರುಪ್ರಸಾದ್ ಶಭಾಷ್ ಎಂದರು. ಮೇಲಧಿಕಾರಿ ಫೋನಿಟ್ಟು ಬೇರೆ ಕೆಲಸ ನೋಡಿಕೊಂಡರು. ಕಂಪ್ಯೂಟರುಗಳಿಗೆ ಜೀವ ಬಂದ ಕೂಡಲೇ ಅವಸರದ ಜೀವ ಹೋಯಿತು. ಗೇಟಿನ ಹೊರಗೆ ನಿಂತವರು ಇನ್ನೂ ನಿಂತೇ ಇದ್ದರು ಎಂಬುದು ಆ ತಂಪು ಕೋಣೆಯಲ್ಲಿ ಯಾರಿಗೂ ಕಾಣಲಿಲ್ಲ.

ಸಂಘಮಿತ್ರಾ ಗುರುಪ್ರಸಾದರಿಗೆ ಹೇಳಿದಳು. ಪೆಟ್ಟಿಗೆ ಸರಿಯಾಗದೆ ಯಂತ್ರ ಮಾತಾಡುವುದಿಲ್ಲ. ಬೇರೆ ಪೆಟ್ಟಿಗೆ ಇಲ್ಲ. ನನ್ನ ಮೊಬೈಲಿನ ನೆಟ್ ಕೊಟ್ಟು ನೋಡಲೇ ಎಂದು ಬೆಂಗಳೂರಿನವರನ್ನು ಕೇಳಿದೆ, ಕಾರ್ಖಾನೆಯ ಲೈನಿನಿಂದ ಬಂದದ್ದನ್ನಷ್ಟೇ ಸರ್ವರ್ ಒಪ್ಪುತ್ತದಂತೆ. ಪೆಟ್ಟಿಗೆಯನ್ನು ತಿರುಗಿಸಿ ಹಿಂದಿನ ಚೀಟಿಯ ಪಾಸ್‌ವರ್ಡ್ ನೋಡಬೇಕು, ವೈರು ಹಾಕಬೇಕು. ಅದಕ್ಕೆ ಮಾಲೆ ತೆಗೆಯಬೇಕು.

ಗುರುಪ್ರಸಾದ್ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. ಪೂಜೆ ಮಾಡಿ ಕಟ್ಟಿದವರೇ ಬಿಚ್ಚಬೇಕು, ಅದು ಇಲ್ಲಿಯ ಪದ್ಧತಿ. ಬಸವೇಶ್ ಬರಲಿ ಎಂದರು. ಬಸವೇಶ್ ರಜೆ ಹಾಕಿ ಹೆಂಡತಿಯ ಊರಿಗೆ ಹೋಗಿದ್ದರು. ಫೋನು ಸ್ವಿಚ್ ಆಫ್. ಹಾಗಾದರೆ ನಾನೇ ತೆಗೆದು ಜೋಪಾನವಾಗಿ ಇಡುತ್ತೇನೆ ಎಂದಳು. ಆಗ ಅವರು ದನಿ ತಗ್ಗಿಸಿದರು.

‘ನೋಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಬೇರೆ ಯಾರಾದ್ರೂ ತೆಗೆದ್ರೆ ಒಂಥರ. ನೀನು ಮುಟ್ಟಬೇಡ. ಪೂಜೆಗೂ ಬರ್ಲಿಲ್ಲ, ಈಗ ಹೂವು ಕಿತ್ತಳು ಅಂತ ನಾಳೆ ಮಾತಾಗುತ್ತೆ. ಕನ್ಫರ್ಮೇಷನ್ ಬೇರೆ ಇದೆ ನಿಂದು.’

ಬೈದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು. ಜಾತಿಯ ಹೆಸರೆತ್ತಿದ್ದರೆ ದೂರು ಕೊಡಬಹುದಿತ್ತು. ನಿನ್ನ ಒಳ್ಳೆಯದಕ್ಕೆ ಎಂದವರನ್ನು ಎಲ್ಲಿ ಹೋಗಿ ದೂರುವುದು? ಈಗಿನ ಮುಟ್ಟಬೇಡ ಇಂಥದು. ಅದರ ಕೈಯಲ್ಲಿ ಕೋಲಿಲ್ಲ, ಕಾಳಜಿಯಿದೆ.

ಚಾಮಯ್ಯನ ಹತ್ತಿರ ಹೋದಳು. ಮಾಲೆ ಸ್ವಲ್ಪ ಎತ್ತಿ ಹಿಡಿ ಸಾಕು ಎಂದು ಬೇಡಿಕೊಂಡಳು. ಅವನು ಪಟದ ಕಡೆ ನೋಡಿ, ಗೇಟಿನ ಕಡೆ ನೋಡಿ, ‘ನಂಗ್ಯಾಕವ್ವ ದ್ಯಾವ್ರ ಊವ. ನಾನು ಗೇಟ್ ಕಾಯೋನು’ ಎಂದು ಕುರ್ಚಿಯನ್ನು ಆಚೆ ಎಳೆದುಕೊಂಡ. ಬಸವೇಶರಿಗೆ ಮತ್ತೆ ಮತ್ತೆ ಫೋನು ಮಾಡಿದಳು. ಅದೇ ಉತ್ತರ. ಕಚೇರಿಗೆ ಹೋದಳು, ಗುರುಪ್ರಸಾದ್ ಮೀಟಿಂಗಿನಲ್ಲಿದ್ದರು. ಗೇಟಿಗೆ ಬಂದಳು. ಊಟದ ಗಂಟೆಗೆ ಹೆಚ್ಚು ಹೊತ್ತಿರಲಿಲ್ಲ. ಸೋಸಲೆಯ ಕಡೆಯ ಹೆಂಗಸೊಬ್ಬಳು ನೆಲಕ್ಕೆ ಕೂತು ವಾಂತಿ ಮಾಡಿಕೊಳ್ಳುತ್ತಿದ್ದಳು. ಉಳಿದವರು ಈಗ ಬೈಯುತ್ತಲೂ ಇರಲಿಲ್ಲ. ಸುಮ್ಮನೆ ಆಕೆಯನ್ನೇ ನೋಡುತ್ತಿದ್ದರು. ಸಂಘಮಿತ್ರಾ ಗೋಡೆಗೆ ಹಣೆ ಒತ್ತಿ ನಿಂತಳು. ಅಳು ಬಂದರೆ ಮುಗಿಯಿತು ಎಂದು ಹಲ್ಲು ಕಚ್ಚಿದಳು.

ಮರಿತಾಯಮ್ಮ ಗುಂಪು ಬಿಟ್ಟು ಬಂದಳು. ಚಾಮಯ್ಯ ತಡೆಯಲಿಲ್ಲ.

‘ಏನಾಗದೆ ನಂಗೂ ಏಳು.’

‘ಕ್ಲೀನರ್ರು ಟಿಕೆಟ್ ಅರೀತಾ ಅವ್ನೆ ಕಣವ್ವ.’

‘ಕಿತ್ಕ ಮತ್ತೆ ಅವನ್ ಕೈಯಿಂದ.’

‘ಮ್ಯಾಲೆ ಊವ ಅದೆ. ಮುಟ್ಬ್ಯಾಡ ಅಂದವ್ರೆ.’

‘ಯಾರ್ನ?’

ಉತ್ತರಕ್ಕೆ ತಾಯಿ ಕಾಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ದಾರದ ಕತ್ತರಿಯನ್ನು ತೆಗೆದಳು.

‘ನಾನ್ ತಗೀತೀನಿ ಬುಡು. ನನ್ ಕೆಲ್ಸ ಓದ್ರೆ ಓಯ್ತದೆ, ನಿಂದ್ ಉಳ್ಕಳ್ಳಿ.’

‘ನೀನು ಮುಟ್ಬೌದು ಅಂತ ಅವ್ರೇನ್ ಅಂದಿಲ್ಲ ಕಣವ್ವ.’

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ಕ್ಷಣದಲ್ಲಿ ಮಗಳು ಏನು ಯೋಚಿಸಿದಳೋ, ಮನೆಯ ಗೋಡೆಯ ಮೇಲಿನ ಅಪ್ಪನ ಪಟ ನೆನಪಾಯಿತೋ, ವಾಂತಿ ಮಾಡಿಕೊಳ್ಳುತ್ತಿದ್ದ ಹೆಂಗಸೇ ಸಾಕಾಯಿತೋ ತಿಳಿಯದು. ಸಂಘಮಿತ್ರಾ ಎರಡೂ ಕೈಯಿಂದ ಮಾಲೆಯನ್ನು ಹಿಡಿದಳು. ತಾಯಿ ಹಿಂದಿನ ಗಂಟನ್ನು ಕತ್ತರಿಸಿದಳು. ವರ್ಷಾನುಗಟ್ಟಲೆ ದಾರ ಕತ್ತರಿಸಿದ ಕೈ, ಒಂದು ಹೂವಿನ ಎಸಳೂ ಉದುರಲಿಲ್ಲ. ಮಾಲೆಯನ್ನು ಸೆರಗಿನಲ್ಲಿ ತುಂಬಿಕೊಂಡು, ನೆಲಕ್ಕೆ ತಾಗದ ಹಾಗೆ ಎದೆಗೊತ್ತಿಕೊಂಡು ಮೂಲೆಯಲ್ಲಿ ನಿಂತಳು. ಹೊರಗೆ ಯಾರದೋ ಮೊಬೈಲಿನ ಕ್ಯಾಮೆರಾ ಈ ಕಡೆ ತಿರುಗಿತ್ತು.

ಪೆಟ್ಟಿಗೆಯ ಮೈಯೆಲ್ಲ ಕುಂಕುಮ. ಅದರ ಬೆನ್ನಿನಲ್ಲಿ ಗಂಧದಕಡ್ಡಿಯೊಂದು ಅರ್ಧ ಉರಿದು ನಿಂತಿತ್ತು. ನಿಂತದ್ದು ಎಲ್ಲಿ? ಕಲಿಸಿದ್ದನ್ನೆಲ್ಲ ಅಳಿಸಿ ಪೆಟ್ಟಿಗೆಯನ್ನು ಹೊಸದರಂತೆ ಮಾಡುವ ಗುಂಡಿ ಇರುತ್ತದೆ, ಯಾರೂ ಅಪ್ಪಿತಪ್ಪಿ ಒತ್ತಬಾರದೆಂದು ಅದನ್ನು ಸೂಜಿ ಹೋಗುವಂಥ ತೂತಿನೊಳಗೆ ಅಡಗಿಸಿರುತ್ತಾರೆ. ಆ ತೂತಿನಲ್ಲಿ. ಮಾಡಿದವರು ಎಲ್ಲ ಬಗೆಯ ಕೈತಪ್ಪುಗಳನ್ನೂ ಊಹಿಸಿದ್ದರು, ಭಕ್ತಿಯೊಂದನ್ನು ಬಿಟ್ಟು.

ಕಡ್ಡಿ ಕಿತ್ತಳು. ಪೆಟ್ಟಿಗೆ ತಿರುಗಿಸಿ ಪಾಸ್‌ವರ್ಡ್ ನೋಡಿದಳು. ಲ್ಯಾಪ್‌ಟಾಪಿನಿಂದ ಅದಕ್ಕೆ ನೇರ ವೈರು ಹಾಕಿ ಒಳಹೊಕ್ಕಳು. ಕಾರ್ಖಾನೆಯ ಹೆಸರು ಮರಳಿ ಕೊಟ್ಟಳು. ವಿಳಾಸ ಹಂಚುವುದನ್ನು ನಿಲ್ಲಿಸಿದಳು. ಪೆಟ್ಟಿಗೆಯ ವಿಳಾಸದ ಕೊನೆಯ ಒಂದನ್ನು ಅಳಿಸಿ ಎರಡು ಮಾಡಿ ಸೇವ್ ಒತ್ತಿದಳು. ಪರದೆ ಬೆಳ್ಳಗಾಯಿತು. ಮತ್ತೆ ಒತ್ತಿದಳು. ಬೆಳ್ಳಗೇ. ಆರಿಸಿ ಹಚ್ಚಿದಳು. ಪೆಟ್ಟಿಗೆ ಕಣ್ಣು ಮಿಟುಕಿಸುತ್ತಿದೆ, ಉತ್ತರವಿಲ್ಲ. ಹಾಳು ಮಾಡಿಬಿಟ್ಟೆ ಎಂದುಕೊಂಡಳು. ಹೂವೂ ಹೋಯಿತು, ಪೆಟ್ಟಿಗೆಯೂ ಹೋಯಿತು, ಇನ್ನು ಉಳಿದದ್ದೇನು?

‘ಅಳೆ ಮನೆ ಬಾಗ್ಲು ತಟ್ತಾ ಇದ್ದೀಯೇನೋ ನೋಡು’ ಎಂದಳು ತಾಯಿ ಮೂಲೆಯಿಂದ. ಆಕೆ ಏನೂ ತಿಳಿದು ಹೇಳಿದ್ದಲ್ಲ. ವಿಳಾಸ ಬದಲಿಸ್ತೀನಿ ಎಂದು ಮಗಳು ಗೊಣಗಿದ್ದು ಕೇಳಿಸಿತ್ತು, ಅಷ್ಟೆ.

ಹೌದು. ಪೆಟ್ಟಿಗೆ ಮನೆ ಬದಲಿಸಿದೆ. ತಾನಿನ್ನೂ ಹಳೆಯ ವಿಳಾಸದಲ್ಲೇ ಕರೆಯುತ್ತಿದ್ದೇನೆ. ಅದು ಹಂಚುವುದನ್ನು ನಿಲ್ಲಿಸಿದ್ದರಿಂದ ಲ್ಯಾಪ್‌ಟಾಪಿಗೂ ಈಗ ವಿಳಾಸವಿಲ್ಲ. ಕೈಯಾರೆ ಒಂದು ವಿಳಾಸ ಬರೆದು ಹೊಸ ಬಾಗಿಲು ತಟ್ಟಿದಳು. ತೆರೆಯಿತು. ಕಚೇರಿಗೆ ಓಡಿ ಕಿತ್ತಿದ್ದ ಕೇಬಲ್ ಹಾಕಿ ಓಡಿಬಂದಳು. ಯಂತ್ರದ ಕಪ್ಪು ಕಣ್ಣಿನಲ್ಲಿ ನೀಲಿ ಬೆಳಕು ಕಂಡಿತು.

ಊಟದ ಗಂಟೆಗೆ ಮುಂಚೆ ಎಲ್ಲರ ಮುಖವೂ ಒಳಗೆ ಹೋಯಿತು. ಧನ್ಯವಾದ, ಧನ್ಯವಾದ, ಧನ್ಯವಾದ. ಅಷ್ಟು ಹೆಂಗಸರನ್ನು ಬಿಸಿಲಲ್ಲಿ ನಿಲ್ಲಿಸಿದ ಯಂತ್ರ ಅಷ್ಟೂ ಜನಕ್ಕೆ ಅದೇ ನಯವಾದ ದನಿಯಲ್ಲಿ ಕೃತಜ್ಞತೆ ಹೇಳಿತು. ಅರ್ಧ ದಿನ ಹೋಯಿತು, ಹಬ್ಬದ ದಿನ ಉಳಿಯಿತು. ಬೆಳಗಿನಿಂದ ಕಾರ್ಖಾನೆಯೊಳಗೇ ಓಡಾಡಿದ ಸಂಘಮಿತ್ರಾಳ ಮುಖವನ್ನೂ ಯಂತ್ರ ಆಗಲೇ ಮೊದಲು ಕಂಡಿತು. ಆಕೆಗೂ ಅರ್ಧ ದಿನ ಗೈರು ಬರೆಯಿತು.

ಸಂಜೆಯ ಹೊತ್ತಿಗೆ ಫೋಟೋ ಮೇಲ್ವಿಚಾರಕರ ವಾಟ್ಸಾಪ್ ಗುಂಪಿನಲ್ಲಿ ಸುತ್ತುತ್ತಿತ್ತು. ಸಂಘಮಿತ್ರಾಳ ಕೈಯಲ್ಲಿ ಮಾಲೆ, ಹಿಂದೆ ದೇವರ ಪಟ. ಗೇಟಿನ ಹೊರಗೆ ನಿಂತಿದ್ದ ಒಬ್ಬ ಹೆಂಗಸೂ ಅದರಲ್ಲಿರಲಿಲ್ಲ.

ರಜೆ ಮುಗಿಸಿ ಬಂದ ಬಸವೇಶ್ ವಿಷಯ ಕೇಳಿ ನೇರ ಗುರುಪ್ರಸಾದರ ಕೋಣೆಗೆ ಹೋದರು. ‘ನಾನೇ ಸಿಕ್ಕಿಸಿದ್ದು ಸಾ. ಬಾಳೆಹಣ್ಣು ಮುಗ್ದೋಗಿತ್ತು. ತೂತು ಕಾಣ್ತು, ಇಟ್ಬುಟ್ಟೆ’ ಎಂದರು. ಗುರುಪ್ರಸಾದ್ ಹೊಟ್ಟೆ ಹಿಡಿದು ನಕ್ಕರಂತೆ. ಭಕ್ತಿಯಿಂದ ಆದದ್ದು ಬಿಡಿ ಎಂದರಂತೆ. ಆ ಹುಡುಗಿಯ ತಪ್ಪಿಲ್ಲ ಎಂದು ಬಸವೇಶ್ ಮತ್ತೆ ಹೇಳಿದರು. ಗೊತ್ತು ಗೊತ್ತು ಎಂದರು. ಬಸವೇಶ್ ಸಮಾಧಾನವಾಗಿ ಹೊರಬಂದರು. ಒಳ್ಳೆಯವರ ಕತೆ ಇಷ್ಟೇ. ಒಂದು ಸಲ ಹೇಳಿ ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ.

ಕಡ್ಡಿ ಚುಚ್ಚಿದ ಕೈಗೆ ಭಕ್ತಿ ಎಂದು ಹೆಸರು, ಕಡ್ಡಿ ಕಿತ್ತ ಕೈಗೆ ಉದ್ಧಟತನ ಎಂದು. ಪರೀಕ್ಷೆಯ ಅವಧಿ ಮುಗಿದ ದಿನ ಗುರುಪ್ರಸಾದ್ ಸಂಘಮಿತ್ರಾಳನ್ನು ಕೂರಿಸಿ, ನೀರು ಕೊಟ್ಟು, ಕೆಲಸದಲ್ಲಿ ದೋಷ ಹೇಳುವಂತಿಲ್ಲ ಎಂದರು. ಆದರೆ ಇಲ್ಲಿಯ ವಾತಾವರಣಕ್ಕೆ ಹೊಂದಿಕೊಳ್ಳಲಿಲ್ಲ ಎಂದು ಮೇಲಿನವರ ಅಭಿಪ್ರಾಯ. ಮುಟ್ಟಬೇಡ ಎಂದು ನಾನು ಮೊದಲೇ ಹೇಳಿದ್ದೆನಲ್ಲ ಎಂದು ನಿಜವಾದ ಬೇಸರದಿಂದಲೇ ಹೇಳಿದರು. ತಾಯಿಯ ಕೆಲಸಕ್ಕೆ ತೊಂದರೆಯಿಲ್ಲ, ನಾವು ನೋಡಿಕೊಂಡಿದ್ದೇವೆ ಎಂದೂ ಸೇರಿಸಿದರು. ಆಕೆ ತಲೆಯೆತ್ತಿ ಏನೋ ಹೇಳಲು ಹೊರಟವಳು ತಾಯಿಯ ಹೆಸರು ಬಂದ ಕೂಡಲೇ ಬಾಯಿ ಮುಚ್ಚಿದಳು. ಬೀಗ ಎಲ್ಲಿ ಹಾಕಬೇಕೆಂದು ಬಲ್ಲವರಿಗೆ ಬಲವಂತ ಬೇಕಾಗುವುದಿಲ್ಲ.

ಹೋಗುವ ಮುಂಚೆ ಒಂದು ಕೆಲಸ ಬಾಕಿಯಿತ್ತು. ಕೆಲಸ ಬಿಟ್ಟವರ ಮುಖವನ್ನು ಯಂತ್ರದಿಂದ ಅಳಿಸಬೇಕು. ಇಷ್ಟು ದಿನ ಅಳಿಸುತ್ತಿದ್ದವಳು ಸಂಘಮಿತ್ರಾ. ಬೇರೆ ಯಾರಿಗೂ ಬರುವುದಿಲ್ಲ. ಹೊಸಬರು ಇನ್ನೂ ಬಂದಿಲ್ಲ. ನೀನೇ ಮಾಡಿ ಹೋಗಿಬಿಡಮ್ಮ ಎಂದರು.

ಸಂಜೆಯ ಗಂಟೆ ಹೊಡೆದಿತ್ತು. ಹೆಂಗಸರ ಸಾಲು ಗೇಟಿನ ಮುಂದೆ ನಿಂತಿತ್ತು, ಅದರಲ್ಲಿ ಮರಿತಾಯಮ್ಮನೂ ಇದ್ದಳು. ಸಂಘಮಿತ್ರಾ ಯಂತ್ರದಲ್ಲಿ ತನ್ನ ಹೆಸರು ಹುಡುಕಿದಳು. ಫೋಟೋ ಬಂತು. ಕೆಲಸಕ್ಕೆ ಸೇರಿದ ದಿನ ತೆಗೆದದ್ದು, ಎಣ್ಣೆ ಹಚ್ಚಿ ಬಾಚಿದ ತಲೆ. ಅಳಿಸಲೇ ಎಂದು ಅದು ಕೇಳಿತು. ಒತ್ತಿದಳು. ಮಾಡಿದ ಕೆಲಸ ಸರಿಯಾಯಿತೇ ಎಂದು ನೋಡದೆ ಬಿಡುವವಳಲ್ಲ. ಎದುರು ನಿಂತು ಮುಖ ತೋರಿಸಿದಳು.

ಗುರುತು ಸಿಗಲಿಲ್ಲ ಎಂದಿತು ಯಂತ್ರ. ಅದೇ ನಯವಾದ ದನಿ. ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆಕೆ ಕೊಟ್ಟ ವಿಳಾಸ ಹಾಗೇ ಇತ್ತು. ಹೊಸ ಮಾಲೆಯೊಂದು ಅದರ ಮೇಲೆ ಆಗಲೇ ಕೂತಿತ್ತು.

ಹಿಂದಿನಿಂದ ಮರಿತಾಯಮ್ಮ ಮುಂದೆ ಬಂದಳು. ಸೆರಗಿನಿಂದ ಮುಖ ಒರೆಸಿ ಯಂತ್ರಕ್ಕೆ ತೋರಿಸಿದಳು. ಧನ್ಯವಾದ ಎಂದು ಬಾಗಿಲು ಬಿಟ್ಟಿತು. ಆಕೆ ಆ ಬಾಗಿಲಲ್ಲಿ ಹೊರಗೆ ಹೋದಳು. ಮಗಳಿಗೆ ಆ ಬಾಗಿಲಿಲ್ಲ. ಚಾಮಯ್ಯ ಕುರ್ಚಿಯಿಂದೆದ್ದು, ಲಾರಿಗೆ ತೆರೆಯುವ ದೊಡ್ಡ ಗೇಟಿನ ಚಿಲಕ ಎಳೆದು, ಆಕೆ ದಾಟುವಷ್ಟು ಸಂದು ಬಿಟ್ಟ. ಅವನೂ ಮುಖ ನೋಡಲಿಲ್ಲ.

ನರಸೀಪುರದ ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತು. ಕೂತ್ಕ ಎಂದಳು ಮಗಳು. ನೀನ್ ಕೂತ್ಕ ಎಂದಳು ತಾಯಿ. ನರಸೀಪುರ ಬರುವವರೆಗೆ ಇಬ್ಬರೂ ನಿಂತೇ ಇದ್ದರು.